ಸಿದ್ಧಲಿಂಗೇಶನ ಹೆಡ್‌ಫೋನೂ ವಠಾರದ ಕಿವಿಯೂ

ಹೆಣ್ಣು ನೋಡಲು ಹೊರಡುವ ಗಂಡಿಗೆ ಏನೇನು ಬೇಕು ಎಂಬುದನ್ನು ನಮ್ಮ ಹಿರಿಯರು ಹಿಂದೆಯೇ ಗೊತ್ತುಮಾಡಿ ಇಟ್ಟಿದ್ದಾರೆ. ಇಸ್ತ್ರಿ ಮಾಡಿದ ಅಂಗಿ ಬೇಕು, ಜೊತೆಗೆ ಮಾತು ಬಲ್ಲ ಹಿರಿಯರೊಬ್ಬರು ಬೇಕು, ತಟ್ಟೆಯಲ್ಲಿಟ್ಟ ಕೇಸರಿಬಾತನ್ನು ಸಾಕು ಸಾಕು ಎನ್ನುತ್ತಲೇ ಮುಗಿಸುವ ಜಾಣ್ಮೆ ಬೇಕು. ಹೆಡ್‌ಫೋನ್ ಬೇಕು ಎಂದು ಯಾವ ಹಿರಿಯರೂ ಹೇಳಿದ್ದಿಲ್ಲ. ಹಲಸೂರಿನ ಅಮೃತಮ್ಮನವರ ವಠಾರದ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಸಿದ್ಧಲಿಂಗೇಶನಿಗೆ ಮಾತ್ರ ಅದು ಬೇಕಾಯಿತು. ತಪ್ಪು ಮಾಡಿದ್ದು ಅವನ ಬಾಯಿ, ಅನುಭವಿಸಿದ್ದು ಕಿವಿ.

ಸಿದ್ಧಲಿಂಗೇಶ ಶಹಾಪುರದವನು. ದೊಮ್ಮಲೂರಿನ ಒಂದು ಕೊರಿಯರ್ ಆಫೀಸಿನಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುವ ವಿಭಾಗಕ್ಕೆ ಮುಖ್ಯಸ್ಥ. ಆ ವಿಭಾಗದಲ್ಲಿ ಅವನೊಬ್ಬನೇ ಇದ್ದುದರಿಂದ ಆಡಳಿತ ಸುಗಮವಾಗಿತ್ತು. ವಯಸ್ಸು ಮೂವತ್ತು ದಾಟಿತ್ತು. ನೋಡಿ ಬಂದ ಹುಡುಗಿಯರೆಲ್ಲ ಬೇರೆಯವರನ್ನು ಮದುವೆಯಾಗಿ ಸುಖವಾಗಿದ್ದರು. ಅವನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ, ಸುಜಾತಾಳನ್ನು ನೋಡುವವರೆಗೆ.

ನೋಡಿದ್ದು ಆಫೀಸಿನ ಗೆಳೆಯ ಲಕ್ಷ್ಮಿಕಾಂತನ ಮನೆಯ ಗೃಹಪ್ರವೇಶದಲ್ಲಿ. ಸಿ.ವಿ. ರಾಮನ್ ನಗರದ ಆ ಹೊಸ ಮನೆಯ ಮುಂದೆ ಶಾಮಿಯಾನದವರು ಆಳೆತ್ತರದ ಸ್ಪೀಕರ್ ತಂದು ನಿಲ್ಲಿಸಿದ್ದರು. ಅದರ ಹತ್ತಿರ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ದೂರ ಹೋದರು. ಒಬ್ಬಳು ಹುಡುಗಿ ಮಾತ್ರ ಅಲ್ಲೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. ಸಿದ್ಧಲಿಂಗೇಶ ಅವಳ ಎದುರು ಮಜ್ಜಿಗೆ ಲೋಟ ಹಿಡಿದು ನಿಂತವನು ಕುಡಿಯುವುದನ್ನು ಮರೆತ. ಅವಳು ಅವನನ್ನು ನೋಡಿ, ಅವನ ಲೋಟ ನೋಡಿ, ನಕ್ಕಳು. ಅಷ್ಟಕ್ಕೇ ಅವನ ಕಥೆ ಮುಗಿಯಿತು.

"ಸುಜಾತಾ ಅಂತ. ನಮ್ಮ ಮಾವನ ಕಡೆ ದೂರದ ಸಂಬಂಧ," ಎಂದ ಲಕ್ಷ್ಮಿಕಾಂತ ಮರುದಿನ ಆಫೀಸಿನಲ್ಲಿ. "ಇಂದಿರಾನಗರದಲ್ಲಿ ಟ್ರಾವೆಲ್ ಆಫೀಸಲ್ಲಿ ಕೆಲಸ. ಅವರಪ್ಪ ಸಂಗನಬಸಪ್ಪ ಅಂತ, ಒಳ್ಳೇ ಜನ. ನಾನ್ ಮಾತಾಡ್ತೀನಿ ಬಿಡು. ಆದ್ರೆ ಒಂದು ವಿಷ್ಯ ಗುರು. ಅವಳಿಗೆ ರಾಕು, ಮೆಟಲ್ಲು ಅಂದ್ರೆ ಪ್ರಾಣ. ಆ ಕೂಗಾಡೋ ಇಂಗ್ಲಿಷ್ ಹಾಡು ಇರುತ್ತಲ್ಲ, ಅದು. ಮನೇಲಿ ಬೇರೆ ಏನೂ ಹಾಕಕ್ಕೆ ಬಿಡಲ್ವಂತೆ. ನಿಂಗದೆಲ್ಲ ಆಗುತ್ತಾ?"

"ಆಗುತ್ತಾ ಅಂತ ಕೇಳ್ತೀಯಲ್ಲ. ನಾನು ಕೇಳೋದೇ ಅದು," ಎಂದ ಸಿದ್ಧಲಿಂಗೇಶ. "ಚಿಕ್ಕಂದಿನಿಂದ."

ಚಿಕ್ಕಂದಿನಿಂದ ಅವನು ಶಹಾಪುರದಲ್ಲಿ ಕೇಳಿದ್ದು ಭಜನೆ, ಹಿಟ್ಟಿನ ಗಿರಣಿ ಮತ್ತು ತಂದೆಯ ಬೈಗುಳ. ಆದರೆ ಪ್ರೇಮದಲ್ಲಿ ಬಿದ್ದವನ ಬಾಲ್ಯ ಅವನು ಹೇಳಿದ ಹಾಗೆ ಕೇಳುತ್ತದೆ.

ಲಕ್ಷ್ಮಿಕಾಂತ ಆ ಮಾತನ್ನು ಹುಡುಗಿಯ ಮನೆಗೆ ಮುಟ್ಟಿಸಿಯೇಬಿಟ್ಟ. ಮುಟ್ಟಿಸಿ ಬಂದು, ತನ್ನ ತಮ್ಮನ ಹತ್ತಿರವಿದ್ದ ಒಂದು ಕ್ಯಾಸೆಟ್ ತಂದುಕೊಟ್ಟ. ಅದರ ಮೇಲೆ ಒಂದು ಕೈಯ ಚಿತ್ರವಿತ್ತು. ತೋರುಬೆರಳು ಮತ್ತು ಕಿರುಬೆರಳು ಮೇಲೆ, ನಡುವಿನ ಎರಡು ಬೆರಳು ಮಡಚಿಕೊಂಡು ಒಳಗೆ. "ಇದನ್ನ ಕೇಳೋರು ತಲೆ ಕುಣಿಸ್ಬೇಕು ಮಗಾ. ಖುಷಿಯಾದಾಗ ಕೈ ಹಿಂಗೆ ಎತ್ಬೇಕು. ಸುಮ್ನೆ ಕೂತ್ಕೊಂಡು ಕೇಳಿದ್ರೆ ಗೊತ್ತಾಗೋಗುತ್ತೆ, ನೀನು ಹೊಸಬ ಅಂತ," ಎಂದು ತನ್ನ ತಮ್ಮ ಹೇಳಿಕಳಿಸಿದ್ದನ್ನು ಒಪ್ಪಿಸಿದ.

ಸಿದ್ಧಲಿಂಗೇಶ ಸಂಜೆ ಕೋಣೆಗೆ ಬಂದು ತನ್ನ ಹಳೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಕೆಳಗಿನ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮನೆ ಒಡತಿ ಅಮೃತಮ್ಮ ಎದ್ದವರೇ ಹಿತ್ತಲಿಗೆ ಓಡಿ ನೀರಿನ ಮೋಟರ್ ಆಫ್ ಮಾಡಿದರು. ಆಫ್ ಮಾಡಿದರೂ ಸದ್ದು ನಿಲ್ಲಲಿಲ್ಲ. ಮತ್ತೆ ಆನ್ ಮಾಡಿ ಮತ್ತೆ ಆಫ್ ಮಾಡಿದರು. ಕೊನೆಗೆ ಮೇನ್ ಸ್ವಿಚ್ಚನ್ನೇ ಎಳೆದರು. ಇಡೀ ವಠಾರ ಕತ್ತಲಾಗಿ ಹಾಡು ನಿಂತಿತು.

"ಮೋಟರ್ ನೀರಿಲ್ದೆ ಓಡ್ತಾ ಇತ್ತುಪ್ಪಾ. ಒಳಗಡೆ ಕಬ್ಬಿಣ ಕಬ್ಬಿಣ ಉಜ್ಜೋ ಸದ್ದು. ಸುಟ್ಟೋಗಿದ್ರೆ ಏನ್ ಗತಿ," ಎಂದು ಅವರು ಮೆಟ್ಟಿಲ ಕೆಳಗಿಂದ ಹೇಳಿದಾಗ ಸಿದ್ಧಲಿಂಗೇಶನಿಗೆ ಅದು ಮೋಟರಲ್ಲ, ತನ್ನ ಬಾಲ್ಯದ ಸಂಗೀತ ಎನ್ನುವ ಧೈರ್ಯ ಬರಲಿಲ್ಲ. ಮೋಟರ್ ಓಡದ್ದರಿಂದ ಮರುದಿನ ವಠಾರದಲ್ಲಿ ಯಾರಿಗೂ ಸ್ನಾನವಿಲ್ಲ. ಇನ್ನು ಈ ಸಂಗೀತವನ್ನು ತನ್ನ ಕಿವಿಗೆ ಮಾತ್ರ ಕೇಳಿಸಿಕೊಳ್ಳಬೇಕು ಎಂದು ಅವನು ಆಗಲೇ ತೀರ್ಮಾನಿಸಿದ.

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಜಬ್ಬಾರ್ ಭಾಯಿಯ ಅಂಗಡಿಯಿತ್ತು. ರೇಡಿಯೊ, ರಿಮೋಟು, ಟಾರ್ಚು, ಗಡಿಯಾರದ ಪಟ್ಟಿ ಎಲ್ಲವೂ ಒಂದರ ಮೇಲೊಂದು ನೇತಾಡುತ್ತಿದ್ದವು. ಅವುಗಳ ನಡುವಿನಿಂದ ಜಬ್ಬಾರ್ ಭಾಯಿ ಮುಖ ತೂರಿಸಿದರು.

"ಹೆಡ್‌ಫೋನಾ? ಯಾಕೆ ಬೇಕು? ಕಾಮೆಂಟರಿಗಾ, ಗಜಲ್‌ಗಾ?"

"ರಾಕು, ಮೆಟಲ್ಲಿಗೆ. ಸ್ವಲ್ಪ ಕಮ್ಮಿ ರೇಟಲ್ಲಿ," ಎಂದ ಸಿದ್ಧಲಿಂಗೇಶ, ಅಕ್ಕಪಕ್ಕ ಯಾರಾದರೂ ಪರಿಚಯದವರಿದ್ದಾರೆಯೇ ನೋಡಿಕೊಂಡು.

"ಎಷ್ಟು ದಿನದಿಂದ?"

"ಏನು?"

"ಅದನ್ನ ಕೇಳಕ್ಕೆ ಶುರು ಮಾಡಿ."

"ನಿನ್ನೆಯಿಂದ."

"ಹಾಗಾದ್ರೆ ಇನ್ನೂ ಬಿಡಬೌದು," ಎಂದರು ಜಬ್ಬಾರ್ ಭಾಯಿ. ಆದರೂ ವ್ಯಾಪಾರ ವ್ಯಾಪಾರವೇ. ಮೊದಲು ಸ್ಪಂಜು ಅಂಟಿಸಿದ ತೆಳುವಾದ ಒಂದನ್ನು ಕೊಟ್ಟರು. ಅದರಲ್ಲಿ ಡ್ರಮ್ಮು ಬಿಸ್ಕತ್ತಿನ ಡಬ್ಬ ತಟ್ಟಿದ ಹಾಗೆ ಕೇಳಿತು. ಎರಡನೆಯದು ಕಿವಿಯೊಳಗೆ ತೂರಿಸುವ ಪುಟ್ಟ ಗುಂಡಿ. ತಲೆ ಕುಣಿಸಿದರೆ ಹೇಗಿರುತ್ತದೆ ಎಂದು ಸಿದ್ಧಲಿಂಗೇಶ ಅಂಗಡಿಯಲ್ಲೇ ಒಮ್ಮೆ ಜೋರಾಗಿ ಕುಣಿಸಿ ನೋಡಿದ. ಎರಡು ಗುಂಡಿಯೂ ಹಾರಿ ಪಕ್ಕದ ಬಳೆ ಅಂಗಡಿಗೆ ಬಿದ್ದವು. ಬಳೆಯಂಗಡಿಯವನು ಅವನ್ನು ಒರೆಸಿ ವಾಪಸು ಕೊಟ್ಟು, ಅವನಿಗೆ ಏನಾದರೂ ಕಾಯಿಲೆಯೇ ಎಂದು ಜಬ್ಬಾರ್ ಭಾಯಿಯನ್ನು ಉರ್ದುವಿನಲ್ಲಿ ವಿಚಾರಿಸಿದ. ಮೂರನೆಯದು ಬೇಸ್ ಜಾಸ್ತಿಯದು. ಅದರಲ್ಲಿ ಹಾಡು, ಗಿಟಾರು, ಡ್ರಮ್ಮು ಎಲ್ಲವೂ ಒಂದೇ ಗೋಣಿಚೀಲದೊಳಗೆ ಸೇರಿಕೊಂಡು ಗುದ್ದಾಡಿದವು.

"ಇದ್ರಲ್ಲಿ ಯಾವುದು ಏನು ಅಂತ ಗೊತ್ತೇ ಆಗಲ್ವಲ್ಲ ಭಾಯಿ."

"ಅದ್ರಲ್ಲಿ ಗೊತ್ತಾಗಕ್ಕೆ ಏನೈತೆ? ಕೊಡಿ ಇಲ್ಲಿ," ಎಂದು ಜಬ್ಬಾರ್ ಭಾಯಿ ಸ್ವತಃ ಹಾಕಿಕೊಂಡು ಕೇಳಿದರು. ತಕ್ಷಣ ತೆಗೆದು ಕ್ಯಾಸೆಟ್ ಹೊರಗೆಳೆದು, ಪೆನ್ಸಿಲ್ ತೂರಿಸಿ ಸುತ್ತತೊಡಗಿದರು. "ಟೇಪ್ ಸಿಕ್ಕಾಕೊಂಡಿದೆ."

"ಸಿಕ್ಕಾಕೊಂಡಿಲ್ಲ. ಹಾಡೇ ಹಾಗೆ."

ಜಬ್ಬಾರ್ ಭಾಯಿ ಅವನನ್ನು ಕೊಂಚ ಮರುಕದಿಂದ ನೋಡಿ, ಅಟ್ಟದ ಮೇಲಿಂದ ದೊಡ್ಡದೊಂದನ್ನು ಇಳಿಸಿದರು. ಕಪ್ಪಗೆ, ದಪ್ಪಗೆ, ಎರಡು ಬಟ್ಟಲು ಕವುಚಿದಂತೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಯಾವುದೋ ಮುಚ್ಚಿಹೋದ ಆಫೀಸಿನ ಸಾಮಾನಿನ ಜೊತೆ ಬಂದದ್ದಂತೆ. ಅಂಗೈ ಮೇಲಿಟ್ಟು ತೂಗಿ ತೋರಿಸಿ, "ತೂಕ ಇದ್ರೆ ಮಾಲು," ಎಂದರು. ಸಿದ್ಧಲಿಂಗೇಶ ಹಾಕಿಕೊಂಡ. ಬಸ್ ಸ್ಟ್ಯಾಂಡು ಮಾಯವಾಯಿತು. ಗಿಟಾರು ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ, ಕೂಗುವವನು ನಡುವೆ. ಜಬ್ಬಾರ್ ಭಾಯಿಯ ತುಟಿ ಆಡುತ್ತಿತ್ತು, ಸದ್ದಿರಲಿಲ್ಲ. ಅವರು ರೇಟು ಹೇಳುತ್ತಿದ್ದಾರೆಂದು ತಿಳಿಯದೆ ಅವನು ತಾಳಕ್ಕೆ ತಲೆ ಆಡಿಸಿದ. ಹಾಗಾಗಿ ಚೌಕಾಸಿ ಇಲ್ಲದೆಯೇ ವ್ಯಾಪಾರ ಮುಗಿಯಿತು.

ಅಂದಿನಿಂದ ಸಂಜೆ ಹೊತ್ತು ಅವನ ಸಾಧನೆ ಶುರುವಾಯಿತು. ಹೆಡ್‌ಫೋನಿನ ವೈರು ಗಿಡ್ಡ. ಟೇಪ್ ರೆಕಾರ್ಡರು ಕಿಟಕಿಯ ಪಕ್ಕದ ಗೂಡಿನಲ್ಲಿ. ಹೀಗಾಗಿ ಅವನು ಕಿಟಕಿಗೆ ಮುಖ ಮಾಡಿಯೇ ಕೂರಬೇಕಿತ್ತು. ಆ ಕಿಟಕಿಯ ಹೊರಗೆ ವಠಾರದ ಎಲ್ಲರೂ ಬಟ್ಟೆ ಒಣಹಾಕುವ ಮಹಡಿ ಪಡಸಾಲೆ.

ಟವೆಲ್ ಒಣಹಾಕಲು ಬಂದವರು ಪಕ್ಕದ ಕೋಣೆಯ ಅಂಬಣ್ಣ. ಅವರು ಊರಾಚೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಆಯುಷ್ಯವೆಲ್ಲ ತಗಡು ಒತ್ತಿ ರಿಟೈರಾದವರು. ಆ ಸದ್ದಿಗೆ ಅವರ ಕಿವಿಯೂ ಅರ್ಧಂಬರ್ಧ ರಿಟೈರಾಗಿತ್ತು.

"ಏನ್ ಸಿದ್ಧು, ಕಾಫಿ ಆಯ್ತಾ?" ಎಂದರು ಅಂಬಣ್ಣ. ಉತ್ತರವಿಲ್ಲ. ಇನ್ನೂ ಜೋರಾಗಿ ಕೇಳಿದರು. ಉತ್ತರವಿಲ್ಲ. ಕಿಟಕಿಯಲ್ಲಿ ಇಣುಕಿದರು. ಸಿದ್ಧಲಿಂಗೇಶ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕಿವಿಗೆ ಕಪ್ಪು ಬಟ್ಟಲು ಕಟ್ಟಿಕೊಂಡು ಕೂತಿದ್ದ. ಆಗೊಮ್ಮೆ ಈಗೊಮ್ಮೆ ಬಲಗೈ ಎತ್ತಿ ಬೆರಳು ತೋರಿಸುತ್ತಿದ್ದ. ಒಂದಲ್ಲ, ಎರಡು.

ಅಂಬಣ್ಣನ ಕೈಯಿಂದ ಟವೆಲ್ ಜಾರಿತು. ಅವರಿಗೆ ಇದು ಗೊತ್ತು. ಅವರ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಪ್ರೆಸ್ ಶಾಪಿನವರನ್ನೆಲ್ಲ ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಹೀಗೆಯೇ ಕಪ್ಪು ಬಟ್ಟಲು ಕಿವಿಗೆ ಕಟ್ಟಿ, ಪರೀಕ್ಷೆ ಮಾಡುತ್ತಿದ್ದರು. ಕುಂಯ್ ಎಂಬ ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಬೆರಳೆತ್ತುವುದು ಕಮ್ಮಿಯಾಯಿತೆಂದರೆ ಕಿವಿ ಹೋಯಿತೆಂದೇ ಲೆಕ್ಕ. ಆದರೆ ಎರಡು ಬೆರಳು ಎತ್ತುವ ಕೇಸನ್ನು ಅಂಬಣ್ಣ ತಮ್ಮ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ಕೆಳಗೆ ನಲ್ಲಿಯ ಹತ್ತಿರ ಅಮೃತಮ್ಮ ಇದ್ದರು. ಎದುರು ಮನೆಯಲ್ಲಿ ರವಿಕೆ ಹೊಲಿಯುವ ಶಂಶುನ್ನೀಸಾ ಬಿಂದಿಗೆ ಹಿಡಿದು ನಿಂತಿದ್ದರು. ಅಂಬಣ್ಣ ದನಿ ತಗ್ಗಿಸಿ, ಅಂದರೆ ಅವರ ಮಟ್ಟಿಗೆ ತಗ್ಗಿಸಿ, ಇಡೀ ಬೀದಿಗೆ ಕೇಳುವಂತೆ ವಿಷಯ ಹೇಳಿದರು.

"ಹುಡುಗನ ಕಿವಿ ಹೋಗಿದೆ. ತಾನೇ ಮನೇಲಿ ಮಿಷಿನ್ ಇಟ್ಕೊಂಡು ಟೆಸ್ಟ್ ಮಾಡ್ಕೋತಿದಾನೆ. ನಾನ್ ಕೂಗಿದ್ದು ಒಂದೂ ಕೇಳಿಸ್ಲಿಲ್ಲ."

"ಅಯ್ಯೋ ಪಾವಂ," ಎಂದು ಅಮೃತಮ್ಮ ತಮ್ಮ ತಮಿಳಿನಲ್ಲೇ ಪಾಪ ಎಂದರು. "ಅದಕ್ಕೇ ಮೆಟ್ಟಿಲ ಲೈಟ್ ಆರಿಸು ಅಂತ ಎಷ್ಟ್ ಸಲ ಹೇಳಿದ್ರೂ ಆರ್ಸಲ್ಲ. ನಾನು ಅಹಂಕಾರ ಅನ್ಕೊಂಡೆ."

"ತಲೆ ಹಿಂಗೆ ಹಿಂಗೆ ಕುಟ್ಕೋತಾ ಇದ್ದ, ನಾನೂ ನೋಡ್ದೆ," ಎಂದರು ಶಂಶುನ್ನೀಸಾ. "ಕಿವಿ ಒಳಗೆ ನೀರು ನಿಂತವ್ರು ಹಂಗೇ ಮಾಡ್ತಾರೆ. ಪಾಪ, ನಿಕಾಹ್ ಮಾತು ನಡೀತಾ ಇದೆ ಅಂತಿದ್ರಲ್ಲ?"

ವಠಾರದಲ್ಲಿ ಒಬ್ಬರ ಗುಟ್ಟು ಎಲ್ಲರಿಗೂ ಗೊತ್ತಿರುತ್ತದೆ ನಿಜ, ಆದರೆ ಮದುವೆಯ ವಿಷಯ ಬಂದಾಗ ಅದನ್ನು ಹೊರಗೆ ಬಿಡದಿರುವುದು ಅಲ್ಲಿನ ಧರ್ಮ. ಹೆಣ್ಣಿನ ಕಡೆಯವರು ವಿಚಾರಿಸಲು ಬಂದೇ ಬರುತ್ತಾರೆ. ಬಂದರೆ ಕಿವಿಯ ಸುದ್ದಿ ಯಾರೂ ಎತ್ತಕೂಡದು ಎಂದು ನಲ್ಲಿ ಕಟ್ಟೆಯ ಮೇಲೆ ಒಮ್ಮತದ ಠರಾವಾಯಿತು.

ಮರುದಿನ ಬೆಳಿಗ್ಗೆಯಿಂದ ಸಿದ್ಧಲಿಂಗೇಶನಿಗೆ ಲೋಕ ಅರ್ಥವಾಗುವುದು ನಿಂತಿತು. ಅಮೃತಮ್ಮ ಅವನನ್ನು ಕಂಡವರೇ ಮಾತಾಡದೆ, ಗೋಡೆಯ ಕಡೆ ಕೈ ತೋರಿಸಿ, ಸ್ವಿಚ್ ಒತ್ತುವ ಅಭಿನಯ ಮಾಡಿ, ಎರಡೂ ಕೈ ಮುಗಿದರು. ಅವರಿಗೆ ಗಂಟಲು ಕಟ್ಟಿರಬೇಕು ಎಂದುಕೊಂಡು ಅವನೂ ಕೈ ಮುಗಿದು, ಬಿಸಿನೀರು ಕುಡಿಯಿರಿ ಎಂದು ಅಭಿನಯ ಮಾಡಿ ತೋರಿಸಿದ. ಅಮೃತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ಬೇಗ ಸನ್ನೆಭಾಷೆ ಕಲಿತುಬಿಟ್ಟನಲ್ಲ ಎಂದು ಮರುಗಿದರು.

ಅಂಬಣ್ಣ ಮೆಟ್ಟಿಲಲ್ಲಿ ಎದುರಾಗಿ ಅವನ ಕಿವಿಯ ಬಳಿ ಬಾಯಿಟ್ಟು, "ಧೈರ್ಯವಾಗಿರು," ಎಂದು ಅರಚಿದರು. ಅಂಬಣ್ಣನಿಗೆ ಕಿವಿ ಮಂದವೆಂದು ಮೊದಲೇ ಗೊತ್ತಿದ್ದ ಸಿದ್ಧಲಿಂಗೇಶ, ಈಗ ಇನ್ನೂ ಹೆಚ್ಚಾಗಿದೆ ಪಾಪ ಎಂದುಕೊಂಡು, ಅವರ ಕಿವಿಯ ಬಳಿ ಬಾಯಿಟ್ಟು, "ನೀವೂ ಧೈರ್ಯವಾಗಿರಿ," ಎಂದು ಅರಚಿದ. ಕಿವಿ ಹೋದವರು ಜೋರಾಗಿ ಮಾತಾಡುತ್ತಾರೆ ಎಂಬುದು ಅಂಬಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಉಳಿದ ಅನುಮಾನವೂ ಪರಿಹಾರವಾಯಿತು.

ಶಂಶುನ್ನೀಸಾ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೇ ಬಂದರು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ತಲೆ ವಾರೆ ಮಾಡಿಸಿ, ಕಿವಿಗೆ ಬಿಟ್ಟೇಬಿಟ್ಟರು. ಮದುವೆ ಗಂಡಿಗೆ ಎಣ್ಣೆ ಹಚ್ಚುವುದು ಅವನಿಗೆ ಗೊತ್ತಿತ್ತು. ಅದು ಹೆಣ್ಣು ನೋಡುವ ಮೊದಲೇ, ಅದೂ ಕಿವಿಯೊಳಗಿಂದ ಶುರುವಾಗುತ್ತದೆ ಎಂದು ಗೊತ್ತಿರಲಿಲ್ಲ. ಕಂಟೋನ್ಮೆಂಟ್ ಕಡೆಯ ಪದ್ಧತಿ ಇರಬಹುದು ಎಂದು ಸುಮ್ಮನೆ ಕೂತ. ಎಣ್ಣೆ ಬಿದ್ದ ಮೇಲೆ ನಿಜವಾಗಿಯೂ ಒಂದು ದಿನ ಕಿವಿ ಮಂಕಾಗಿ, ಯಾರು ಏನು ಹೇಳಿದರೂ "ಹ್ಞಾಂ?" ಎನ್ನುತ್ತಿದ್ದ.

ಆ ಒಂದು ದಿನವೇ ಸಂಗನಬಸಪ್ಪನವರು ವಠಾರಕ್ಕೆ ಬಂದರು. ಹೆಣ್ಣಿನ ತಂದೆ ಗುಟ್ಟಾಗಿ ವಿಚಾರಿಸುವಾಗ ತಾನು ಹೆಣ್ಣಿನ ತಂದೆ ಎಂದು ಹೇಳಿಕೊಳ್ಳಬಾರದು ಎಂಬುದೊಂದು ನಿಯಮ. ಅದರಂತೆ ಅವರು ಬಾಡಿಗೆಗೆ ಕೋಣೆ ಇದೆಯೇ ಎಂದು ಕೇಳಿದರು. ಆದರೆ ಬಾಡಿಗೆ ಕೋಣೆ ಹುಡುಕುವವರು ಹಣೆಗೆ ಹೊಸದಾಗಿ ವಿಭೂತಿ ಇಟ್ಟು, ಇಸ್ತ್ರಿ ಮುರಿಯದ ಪಂಚೆಯುಟ್ಟು ಬರುವುದಿಲ್ಲ. ಅಮೃತಮ್ಮ ಒಂದೇ ನೋಟಕ್ಕೆ ಕಂಡುಹಿಡಿದು, ಅಂಬಣ್ಣನಿಗೂ ಶಂಶುನ್ನೀಸಾಗೂ ಕಣ್ಣು ಮಿಟುಕಿಸಿದರು.

"ಮ್ಯಾಲೆ ಯಾರರೀ ಇರೋದು?" ಎಂದರು ಸಂಗನಬಸಪ್ಪ ಏನೂ ಗೊತ್ತಿಲ್ಲದವರಂತೆ.

"ಸಿದ್ಧಲಿಂಗೇಶ ಅಂತ. ಕಿವಿ ತುಂಬಾ ಚೆನ್ನಾಗಿದೆ," ಎಂದರು ಅಮೃತಮ್ಮ.

ಸಂಗನಬಸಪ್ಪ ಸ್ವಲ್ಪ ತಡೆದರು. "ಹಂಗಲ್ರೀ. ಕುಡಿಯೋದು, ಇಸ್ಪೀಟು, ಅಂಥಾದ್ದೇನರ?"

"ಕುಡಿಯೋದಾ? ಛೇ," ಎಂದರು ಅಂಬಣ್ಣ. "ಎರಡೂ ಕಿವಿ ಒಂದೇ ಸಮ ಕೇಳಿಸುತ್ತೆ. ಟೆಸ್ಟ್ ಆಗಿದೆ. ಬೆರಳು ಎತ್ತಿದ್ದು ನಾನೇ ನೋಡಿದೀನಿ."

"ಗುಣ ಹ್ಯಾಂಗ್ರೀ?"

"ಸೂಜಿ ಬಿದ್ರೂ ಕೇಳಿಸ್ತದೆ ಸಾಬ್," ಎಂದರು ಶಂಶುನ್ನೀಸಾ. "ನಾನ್ ದಿನಾ ಸೂಜಿ ಬೀಳ್ಸೋಳು. ಮೇಲಿಂದ ಕೂಗಿ ಹೇಳ್ತಾನೆ, ಬೀಬೀ, ಸೂಜಿ ಬಿತ್ತು ಅಂತ."

ಅಷ್ಟರಲ್ಲಿ ಸಿದ್ಧಲಿಂಗೇಶನೇ ಆಫೀಸಿನಿಂದ ಬಂದ. ಅಂಗಳದಲ್ಲಿ ನಿಂತ ಹಿರಿಯರು ಯಾರೆಂದು ಅವನಿಗೆ ಗೊತ್ತಿಲ್ಲ. "ನಮಸ್ಕಾರ್ರೀ ತಮ್ಮಾ, ಆಫೀಸ್ ಮುಗೀತೇನ್?" ಎಂದರು ಅವರು. ಎಣ್ಣೆ ಕುಡಿದ ಕಿವಿಯ ಸಿದ್ಧಲಿಂಗೇಶ, "ಹ್ಞಾಂ?" ಎಂದ. ಅವರು ಮತ್ತೆ ಕೇಳಿದರು. ಅವನು ಮತ್ತೆ "ಹ್ಞಾಂ?" ಎಂದ. ಮೂವರು ಸಾಕ್ಷಿಗಳೂ ಆಕಾಶ ನೋಡಿದರು. ಸಂಗನಬಸಪ್ಪನವರು ಅವನ ಮುಖವನ್ನೇ ಬಹಳ ಹೊತ್ತು ನೋಡಿ, ಕೋಣೆಯ ಬಾಡಿಗೆಯನ್ನೂ ಕೇಳದೆ ಹೊರಟುಹೋದರು.

"ಕೆಟ್ಟೋಯ್ತು," ಎಂದರು ಅಂಬಣ್ಣ.

ಕೆಟ್ಟಿರಲಿಲ್ಲ. ಮರುದಿನ ಲಕ್ಷ್ಮಿಕಾಂತ ಆಫೀಸಿನಲ್ಲಿ ಅವನ ಬೆನ್ನು ತಟ್ಟಿದ. "ಏನ್ ಮಾಡ್ದೆ ಗುರು ನೀನು? ಸಂಗನಬಸಪ್ಪನವ್ರು ಫೋನ್ ಮಾಡಿ, ಹುಡುಗ ಅಂದ್ರೆ ಹಿಂಗಿರ್ಬೇಕು ಅಂತಿದಾರೆ. ಈ ಭಾನುವಾರಾನೇ ಬರಬೇಕಂತೆ."

ತಾನು ಏನು ಮಾಡಿದೆ ಎಂದು ಸಿದ್ಧಲಿಂಗೇಶ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಸಂಗೀತದ ಫಲವಿರಬೇಕು ಎಂದುಕೊಂಡು ಆ ವಾರವೆಲ್ಲ ಇನ್ನೂ ಹೆಚ್ಚು ತಲೆ ಕುಣಿಸಿದ. ಅವನಿಗೆ ಆ ಹಾಡುಗಳು ಈಗಲೂ ನೀರಿಲ್ಲದ ಮೋಟರೇ. ಆದರೆ ಒಂದು ಹಾಡಿನ ನಡುವೆ ಎಲ್ಲರೂ ಬಾಯಿ ಮುಚ್ಚಿ, ಡ್ರಮ್ಮು ಒಂದೇ ಉಳಿದು, ಎದೆಗೆ ಬಂದು ಗುದ್ದುವ ಜಾಗವೊಂದಿತ್ತು. ಆ ಜಾಗವನ್ನು ಅವನು ಯಾರೂ ಹೇಳದೆಯೇ ಮತ್ತೆ ಮತ್ತೆ ತಿರುಗಿಸಿ ಕೇಳಿದ.

ಭಾನುವಾರ ದೊಮ್ಮಲೂರಿನ ಸಂಗನಬಸಪ್ಪನವರ ಮನೆಗೆ ಸಿದ್ಧಲಿಂಗೇಶನ ಜೊತೆ ವಠಾರದ ಮೂವರೂ ಹೊರಟರು. ತಂದೆ ತಾಯಿ ಶಹಾಪುರದಿಂದ ಮಾತುಕತೆಗೆ ಬರುವುದೆಂದೂ, ಮೊದಲ ನೋಟಕ್ಕೆ ವಠಾರದ ಹಿರಿಯರು ಸಾಕೆಂದೂ ಅಮೃತಮ್ಮ ತಾವೇ ತೀರ್ಮಾನಿಸಿಬಿಟ್ಟಿದ್ದರು. ಅವನನ್ನು ಒಂಟಿಯಾಗಿ ಕಳಿಸಿದರೆ ಗುಟ್ಟು ರಟ್ಟಾಗುತ್ತದೆ ಎಂಬುದು ಒಳಗಿನ ಕಾರಣ. ಅಂಬಣ್ಣ ಸೋಫಾದಲ್ಲಿ ಅವನ ಬಲಕ್ಕೆ ಅಂಟಿಕೊಂಡು ಕೂತರು. ಅಮೃತಮ್ಮ ಎಡಕ್ಕೆ ಕೂತರು. ಶಂಶುನ್ನೀಸಾ ಎದುರು ಕುರ್ಚಿಯಲ್ಲಿ, ಸನ್ನೆ ಮಾಡಲು ಅನುಕೂಲವಾಗುವಂತೆ. ಅಂದು ವಠಾರದ ಅಂಗಳದಲ್ಲಿ ಕಂಡ ಹಿರಿಯರೇ ಹುಡುಗಿಯ ತಂದೆ ಎಂದು ಸಿದ್ಧಲಿಂಗೇಶನಿಗೆ ಈಗಷ್ಟೇ ಗುರುತು ಸಿಕ್ಕಿತು.

"ಶಹಾಪುರದಾಗ ಯಾವ ಓಣಿರೀ ನಿಮ್ಮದು?" ಎಂದರು ಸಂಗನಬಸಪ್ಪ.

ಸಿದ್ಧಲಿಂಗೇಶ ಬಾಯಿ ತೆರೆಯುವ ಮೊದಲೇ ಅಂಬಣ್ಣ ಅವನ ಕಿವಿಗೆ, "ಓಣಿ, ಓಣಿ ಯಾವುದು ಅಂತ," ಎಂದು ಕೂಗಿದರು. ಸಿದ್ಧಲಿಂಗೇಶ ಬೆಚ್ಚಿಬಿದ್ದ. ಅಂಬಣ್ಣನಿಗೆ ಪ್ರಶ್ನೆ ಕೇಳಿಸಿಲ್ಲ, ಅದಕ್ಕೇ ತನ್ನನ್ನು ಕೇಳುತ್ತಿದ್ದಾರೆ ಎಂದುಕೊಂಡು, "ಗಾಂಧಿ ಚೌಕದ ಹಿಂದಿನ ಓಣಿ," ಎಂದು ಅವರ ಕಿವಿಗೆ ತಿರುಗಿ ಕೂಗಿದ. ಶಂಶುನ್ನೀಸಾ ಎದುರಿನಿಂದ ಕೈಯಲ್ಲಿ ಚೌಕ ಬರೆದು ತೋರಿಸಿ ಶಹಬ್ಬಾಸ್ ಎಂದು ತಲೆಯಾಡಿಸಿದರು. ಹೀಗೆಯೇ ಸಂಬಳ, ಗೋತ್ರ, ಅಣ್ಣತಮ್ಮಂದಿರ ವಿವರಗಳೆಲ್ಲ ದೊಮ್ಮಲೂರಿಗೆ ತಿಳಿಯುವಂತೆ ವಿಚಾರಣೆಗೆ ಬಂದವು. ಪಕ್ಕದ ಮನೆಯವರು ಕಿಟಕಿ ತೆರೆದರು.

ಈ ಗದ್ದಲದ ನಡುವೆ ಸಿದ್ಧಲಿಂಗೇಶನನ್ನು ಗಲಿಬಿಲಿಗೊಳಿಸಿದ್ದು ಹುಡುಗಿಯ ತಂದೆ ತಾಯಿಯ ಮುಖ. ಬೇರೆ ಮನೆಗಳಲ್ಲಿ ಈ ಹೊತ್ತಿಗೆ ಹುಡುಗಿಯ ತಂದೆ ಗಡಿಯಾರ ನೋಡುತ್ತಿದ್ದರು. ಇಲ್ಲಿ ಅವರು ಅಕ್ಕರೆಯಿಂದ ಅವನನ್ನೇ ನೋಡುತ್ತಿದ್ದರು. ಹುಡುಗಿಯ ತಾಯಿ ಎರಡು ಸಲ ಕಣ್ಣೊರೆಸಿಕೊಂಡು ಮೂರು ಸಲ ಕೇಸರಿಬಾತ್ ಬಡಿಸಿದರು.

"ಇಬ್ರೂ ಒಂದೀಟು ಬಾಲ್ಕನಿಗೆ ಹೋಗಿ ಮಾತಾಡ್ಕೊಂಡು ಬರ್ರಿ," ಎಂದರು ಸಂಗನಬಸಪ್ಪ.

ಅಂಬಣ್ಣ ಜೊತೆಗೆ ಎದ್ದರು. ಅಮೃತಮ್ಮ ಅವರ ಪಂಚೆ ಹಿಡಿದು ಎಳೆದು ಕೂರಿಸಿದರು.

ಬಾಲ್ಕನಿಯಲ್ಲಿ ಸುಜಾತಾ ಕಂಬಿ ಹಿಡಿದು ನಿಂತಿದ್ದಳು. ಸಿದ್ಧಲಿಂಗೇಶ ಅವಳ ಎಡಗಡೆ ನಿಂತು, ಬಾಯಿಪಾಠ ಮಾಡಿದ್ದನ್ನು ಮೆಲುದನಿಯಲ್ಲಿ ಒಪ್ಪಿಸಿದ. ಗಿಟಾರು ಹೇಗೆ ಒಂದು ಕಡೆ ಕೇಳಬೇಕು, ಡ್ರಮ್ಮು ಹೇಗೆ ಇನ್ನೊಂದು ಕಡೆ ಕೇಳಬೇಕು, ಬೇಸ್ ಜಾಸ್ತಿಯಾದರೆ ಹೇಗೆ ಎಲ್ಲ ಕಲಸಿಹೋಗುತ್ತದೆ, ಕಮ್ಮಿ ಬೆಲೆಗೆ ಒಳ್ಳೆಯದು ಬೇಕಾದರೆ ಕಿವಿ ಮುಚ್ಚುವಂಥದ್ದೇ ಏಕೆ ತೆಗೆದುಕೊಳ್ಳಬೇಕು. ಎಲ್ಲ ಹೇಳಿ ಮುಗಿಸಿ ಅವಳ ಮುಖ ನೋಡಿದ. ಅವಳು ಎದುರಿನ ತೆಂಗಿನ ಮರ ನೋಡುತ್ತಿದ್ದಳು. ಒಂದು ಮಾತಿಗೂ ತಿರುಗಿರಲಿಲ್ಲ. ತನ್ನ ಸುಳ್ಳು ಸಿಕ್ಕಿಬಿತ್ತು ಎಂದುಕೊಂಡ ಸಿದ್ಧಲಿಂಗೇಶ.

ಅವಳು ತಿರುಗಿ ಅವನ ಬಾಯಿ ಆಡಿ ನಿಂತದ್ದನ್ನು ಕಂಡಳು. "ಏನೋ ಹೇಳ್ತಿದ್ರಾ? ಈ ಕಡೆ ಬನ್ನಿ. ಆ ಕಿವಿ ಕೇಳ್ಸಲ್ಲ," ಎಂದಳು.

ಅವನು ಬಲಕ್ಕೆ ಬಂದ.

"ಚಿಕ್ಕವಳಿದ್ದಾಗ ಜ್ವರ ಬಂದು ಹೋಯ್ತು. ಈ ಕಿವೀನೂ ಅರ್ಧಾನೇ," ಎಂದಳು ಸುಜಾತಾ. "ಅದಕ್ಕೇ ನಂಗೆ ಆ ಹಾಡು. ಎದೆಗೆ ಬಂದು ಗುದ್ದುತ್ತಲ್ಲ, ಪೂರ್ತಿ ಸಿಗುತ್ತೆ. ಮೆಲ್ಲಗೆ ಹಾಡೋರು ನಂಗೆ ಅರ್ಧ ಸಿಗ್ತಾರೆ, ಇನ್ನರ್ಧ ನಾನೇ ಊಹೆ ಮಾಡ್ಕೋಬೇಕು." ಆಮೇಲೆ ನಕ್ಕಳು. "ನಿಮ್ಮ ವಠಾರಕ್ಕೆ ಹೋಗಿ ಬಂದು ಅಪ್ಪ ಬಿದ್ದು ಬಿದ್ದು ನಕ್ರು. ಅಪ್ಪ ಕಿವಿ ಸುದ್ದೀನೇ ಎತ್ತದೇ ಇದ್ರೂ ಮೂರು ಜನಾನೂ ಕಿವಿ ಚೆನ್ನಾಗಿದೆ ಅಂತಿದ್ರಂತೆ. ನಮ್ಮನೇಗೆ ಯಾರಾದ್ರೂ ನೋಡಕ್ಕೆ ಬಂದ್ರೆ ಅಮ್ಮನೂ ಹಿಂಗೇ ಹೇಳೋದು. ಅಪ್ಪಂಗೆ ತಕ್ಷಣ ಗೊತ್ತಾಯ್ತು, ನಿಮ್ಗೂ ಕೇಳ್ಸಲ್ಲ ಅಂತ. ನಿಮಗೆ ಯಾವ ಕಿವಿ?"

ಈಗ ಸಿದ್ಧಲಿಂಗೇಶನಿಗೆ ಒಂದೊಂದಾಗಿ ಎಲ್ಲವೂ ಬಂದು ಸೇರಿತು. ಗೋಡೆಯ ಸ್ವಿಚ್ಚು, ಬೆಳ್ಳುಳ್ಳಿ ಎಣ್ಣೆ, ಅಂಬಣ್ಣನ ಧೈರ್ಯ. ಒಳಗಿನ ಅಕ್ಕರೆಯ ಮುಖಗಳೂ. ಅವನ ಬಾಯಿಗೆ "ಬಲಗಡೇದು" ಎಂಬ ಮಾತು ಬಂದು ನಿಂತಿತ್ತು. ಅದೊಂದು ಮಾತು ಹೇಳಿದರೆ ಮದುವೆ ಮುಗಿದಂತೆಯೇ. ಜನ್ಮಪೂರ್ತಿ ಒಂದು ಕಿವಿಯನ್ನು ಮಂದ ಮಾಡಿಕೊಂಡಿರುವುದು ಅವನಿಗೆ ದೊಡ್ಡ ಕಷ್ಟವಾಗಿಯೂ ಕಾಣಲಿಲ್ಲ. ಆದರೆ ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ತುಟಿ ನೋಡಿ ಮಾತು ತಿಳಿಯುವವಳ ಎದುರು ಸುಳ್ಳು ಹೇಳಲು ಅವನಿಗೆ ನಾಚಿಕೆಯಾಯಿತು.

"ಎರಡೂ ಚೆನ್ನಾಗಿದೆ," ಎಂದ. "ಅವ್ರು ಏನೋ ತಪ್ಪು ತಿಳ್ಕೊಂಡಿದಾರೆ. ಆ ಹಾಡು ಕೇಳಕ್ಕೆ ಶುರು ಮಾಡಿದ್ದೂ ಈಚೆಗೆ. ನಿಮಗೋಸ್ಕರ."

ಸುಜಾತಾಳ ಮುಖದ ನಗು ಇಳಿಯಿತು. ಅವಳಿಗೆ ಕೋಪ ಬಂದಿರಲಿಲ್ಲ, ಬೇಸರವಾಗಿತ್ತು. ಅದು ಅವನಿಗೆ ಇನ್ನೂ ಕಷ್ಟವಾಯಿತು.

"ಕಿವಿ ಚೆನ್ನಾಗಿರೋರು ಮೊದಮೊದ್ಲು ಎರಡೆರಡು ಸಲ ಹೇಳ್ತಾರೆ," ಎಂದಳು. "ಆಮೇಲೆ ಒಂದಿನ, ಏನಂದ್ರಿ ಅಂತ ಕೇಳಿದ್ರೆ, ಏನಿಲ್ಲ ಬಿಡು ಅಂತಾರೆ. ಆಫೀಸಲ್ಲಿ ಹಂಗೇ, ಫ್ರೆಂಡ್ಸೂ ಹಂಗೇ. ಆ ಏನಿಲ್ಲ ಬಿಡು ಅನ್ನೋದು ನಂಗೆ ಸಾಕಾಗಿದೆ. ನಿಮ್ಗೂ ಕೇಳ್ಸಲ್ಲ ಅಂದಾಗ, ನೀವಾದ್ರೂ ಹಂಗನ್ನಲ್ಲ ಅನ್ಕೊಂಡೆ."

ಸಿದ್ಧಲಿಂಗೇಶ ಏನೋ ಹೇಳಿದ. ಅದೇ ಹೊತ್ತಿಗೆ ಪಕ್ಕದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮನೆಗಳ ಮೇಲೆ ಬಂತು. ದೊಮ್ಮಲೂರಿನಲ್ಲಿ ವಿಮಾನ ಬಂದಾಗ ಒಳ್ಳೆಯ ಕಿವಿಯವರೂ ಮಾತು ನಿಲ್ಲಿಸುತ್ತಾರೆ.

"ಏನು?" ಎಂದಳು ಸುಜಾತಾ.

ಅವನು ಮತ್ತೆ ಹೇಳಿದ. ವಿಮಾನ ಇನ್ನೂ ಕೆಳಗೆ ಬಂತು. ಕಿಟಕಿಯ ಗಾಜು ನಡುಗಿತು. ಅವಳು ಕಿವಿಯ ಹಿಂದೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. ಅವನು ಇದ್ದ ಉಸಿರನ್ನೆಲ್ಲ ಎಳೆದುಕೊಂಡು, ಕಂಬಿ ಹಿಡಿದು, ಕೂಗಿದ. ಅಷ್ಟರಲ್ಲಿ ವಿಮಾನ ದಾಟಿ ಹೋಗಿತ್ತು. ಅವನ ದನಿಯೊಂದೇ ಉಳಿಯಿತು.

"ಎಷ್ಟು ಸಲ ಬೇಕಾದ್ರೂ ಹೇಳ್ತೀನಿ ಅಂದೆ."

ಒಳಗೆ ಕೂತವರಿಗೆಲ್ಲ ಅದು ಕೇಳಿಸಿತು. ಅಮೃತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಕ್ಷಮಿಸ್ಬೇಕು," ಎಂದರು ಹುಡುಗಿಯ ತಾಯಿಯ ಕೈ ಹಿಡಿದು. "ಪಾವಂ, ಕಿವಿ ಕೇಳ್ಸದೋರು ಸ್ವಲ್ಪ ಜೋರಾಗೇ ಮಾತಾಡ್ತಾರೆ."

"ಇರ್ಲಿ ಬಿಡ್ರೀ," ಎಂದರು ಸಂಗನಬಸಪ್ಪ. "ನಮ್ಮನ್ಯಾಗ ಅದು ರೂಢಿ ಐತಿ."

ಬಾಲ್ಕನಿಯಲ್ಲಿ ಸಿದ್ಧಲಿಂಗೇಶ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಕೆಳಗಿನ ಬೀದಿಯಲ್ಲಿ ಜನ ತಲೆಯೆತ್ತಿ ನೋಡುತ್ತಿರುವುದನ್ನು ಕಂಡು, ಎಲ್ಲಿ ನಿಲ್ಲುವುದೆಂದು ತಿಳಿಯದೆ ನಿಂತಿದ್ದ. ಸುಜಾತಾ ಕಿವಿಯ ಹಿಂದಿನ ಕೈಯನ್ನು ಇನ್ನೂ ತೆಗೆದಿರಲಿಲ್ಲ.

"ಇನ್ನೊಂದ್ ಸಲ ಹೇಳಿ," ಎಂದಳು.

"ಈಗ್ಲೂ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳಿ."

ಸಿದ್ಧಲಿಂಗೇಶ ಹೇಳಿದ.